ಬೆಳಿಗ್ಗೆ ಇಲ್ಲಿನ ಸ್ಟ್ಯಾಂಡ್‌ಅಪ್, ರಾತ್ರಿ ಕ್ಯಾಲಿಫೋರ್ನಿಯಾ ಕಾಲ್: ಕೆಲಸ ಬಿಡದೆ ಸಂಜೆಯನ್ನು ವಾಪಸ್ ಪಡೆಯೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದ. ಬೆಳಿಗ್ಗೆ 9:30ಕ್ಕೆ ಇಲ್ಲಿನ ಟೀಮಿನ ಸ್ಟ್ಯಾಂಡ್‌ಅಪ್ (ದಿನದ ಚಿಕ್ಕ ಮೀಟಿಂಗ್), ರಾತ್ರಿ 9:30ಕ್ಕೆ ಕ್ಯಾಲಿಫೋರ್ನಿಯಾದವರ ಜೊತೆ ಒಂದು ಗಂಟೆ ಕಾಲ್. ಮಗು ಮಲಗುವ ಹೊತ್ತಿಗೆ ಕಿವಿಯಲ್ಲಿ ಹೆಡ್‌ಫೋನ್.

ಬೆಳಿಗ್ಗೆ 9:30ರಿಂದ ರಾತ್ರಿ 10:30 ಅಂದರೆ 13 ಗಂಟೆ. ಎರಡೂ ಬಾಗಿಲು ತೆಗೆದಿಟ್ಟ ಅಂಗಡಿ ಇದ್ದ ಹಾಗೆ. ಅಷ್ಟೂ ಹೊತ್ತು ವ್ಯಾಪಾರ ನಡೆಯೋದಿಲ್ಲ, ಆದರೆ ಗಲ್ಲಾ ಬಿಟ್ಟು ಏಳೋಕೂ ಆಗೋದಿಲ್ಲ. ರಾತ್ರಿಯ ಬಾಗಿಲು ತೆರೆದಿರಲೇಬೇಕು ಅಂತಾದರೆ ಬೆಳಗಿನದ್ದು ತಡವಾಗಿ ತೆರೆಯಬೇಕು. ಬೆಳಿಗ್ಗೆ 5ಕ್ಕೆ ಎದ್ದು ಧ್ಯಾನ ಮಾಡಿ ಅನ್ನುವ ಉಪದೇಶ ನಿಮಗಲ್ಲ. ಕಾಲ್ ಮುಗಿಸಿ 11:30ಕ್ಕೆ ಮಲಗಿದವರು 5ಕ್ಕೆ ಎದ್ದರೆ ಸಿಗುವುದು ಐದೂವರೆ ಗಂಟೆ ನಿದ್ದೆ. ದೊಡ್ಡವರಿಗೆ ಕನಿಷ್ಠ 7 ಬೇಕು.

ಯಾರನ್ನಾದರೂ ಕೇಳುವ ಮೊದಲು ಒಂದು ವಾರದ ಲೆಕ್ಕ ಬರೆಯಿರಿ. ಆ್ಯಪ್ ಬೇಡ. ಸ್ಕ್ರೀನ್ ಉರಿಯುತ್ತಿದ್ದರೆ ಅದನ್ನೂ ಕೆಲಸ ಅಂತ ಎಣಿಸುವ ಆ್ಯಪ್‌ಗಳೇ ಹೆಚ್ಚು. ಲ್ಯಾಪ್‌ಟಾಪ್ ಪಕ್ಕ ಒಂದು ಹಾಳೆ ಇಟ್ಟು, ಕೂತಾಗೊಮ್ಮೆ ಎದ್ದಾಗೊಮ್ಮೆ ಸಮಯ ಹಾಕಿ, ಮುಂದೆ ಒಂದಕ್ಷರ: ‘ಮೀ’ ಅಂದರೆ ಮೀಟಿಂಗ್, ‘ಕೆ’ ಅಂದರೆ ನಿಜವಾದ ಕೆಲಸ, ‘ಕಾ’ ಅಂದರೆ ಕಾಯುವುದು. ರಾತ್ರಿಯ ಪ್ರತಿ ಕಾಲ್ ಎದುರು ಇನ್ನೊಂದು ಗುರುತು ಹಾಕಿ: ನೀವು ಮಾತಾಡಿದಿರಾ, ಬರೀ ಕೇಳಿಸಿಕೊಂಡಿರಾ? ಐದು ದಿನದ ಕೊನೆಗೆ ನಿಮ್ಮ ಕೈಯಲ್ಲಿರೋದು ಗೊಣಗಾಟವಲ್ಲ, ಲೆಕ್ಕ. ಮ್ಯಾನೇಜರ್ ಹತ್ತಿರ ನಡೆಯೋದು ಎರಡನೆಯದೇ.

ಇನ್ನು ಗಡಿಯಾರ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅವರ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ರಾತ್ರಿ 9:30, ನವೆಂಬರ್ ಆದಮೇಲೆ 10:30. ಪುನರಾವರ್ತಿತ ಮೀಟಿಂಗ್ ಸಾಮಾನ್ಯವಾಗಿ ಆಹ್ವಾನ ಕಳಿಸಿದವರ ಊರಿನ ಸಮಯಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಯಾರೂ ಏನೂ ಮುಟ್ಟದಿದ್ದರೂ ನವೆಂಬರಿನಲ್ಲಿ ನಿಮ್ಮ ರಾತ್ರಿಯ ಒಂದು ಗಂಟೆ ಮಾಯ. ಆಹ್ವಾನ ನೀವು ಕಳಿಸಿ, ನಮ್ಮ ಸಮಯಕ್ಕೇ ಕಟ್ಟಿ. ಆಗ ಜರುಗುವುದು ಅವರ ಕಡೆ. ಅವರಿಗೆ 9ರ ಬದಲು 8 ಆಗುತ್ತದೆ, ಅಷ್ಟೆ. ಇದನ್ನು ಅಕ್ಟೋಬರಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ತಾನಾಗಿ ಬದಲಾದ ದಿನ ಬೆಳಿಗ್ಗೆ ಅವರಿಗೂ ಸಿಟ್ಟು ಬರುತ್ತದೆ.

ಹೆಚ್ಚು ಜನ ಮರೆಯುವ ಇನ್ನೊಂದು ಕಿಂಡಿ ಇದೆ. ಅವರ ಸಂಜೆ ನಮ್ಮ ಬೆಳಗು. ಚಳಿಗಾಲದಲ್ಲಿ ಅವರ ಸಂಜೆ 5:30 ಅಂದರೆ ನಮಗೆ ಬೆಳಿಗ್ಗೆ 7. ವಾರಕ್ಕೊಂದು ಕಾಲ್ ಅಲ್ಲಿಗೆ ಹಾಕಿಕೊಂಡರೆ ಆವತ್ತಿನ ರಾತ್ರಿ ಪೂರ್ತಿ ನಿಮ್ಮದು. ಒಂದು ಎಚ್ಚರ: ನಮ್ಮ ಸೋಮವಾರ ಬೆಳಿಗ್ಗೆ ಅವರಿಗಿನ್ನೂ ಭಾನುವಾರ, ಅವರ ಶುಕ್ರವಾರ ಸಂಜೆ ನಮಗೆ ಶನಿವಾರ ಬೆಳಗು. ಮಂಗಳವಾರದಿಂದ ಶುಕ್ರವಾರದ ಬೆಳಗು ಮಾತ್ರ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಇದೇ ಕಾಲ್ ಬೆಳಿಗ್ಗೆ 6ಕ್ಕೆ ಬರುತ್ತದೆ. ಅದು ಬೇಡ.

ಈಗ ಮಾತುಕತೆ. ಐದು ರಾತ್ರಿಯನ್ನು ಎರಡಕ್ಕೆ ಇಳಿಸಿ ಅಂತ ಕೇಳಿ, ಮಂಗಳವಾರ ಮತ್ತು ಗುರುವಾರ. ಉಳಿದ ಮೂರು ದಿನ ಸಂಜೆ 6:15ಕ್ಕೆ ಬರವಣಿಗೆಯಲ್ಲಿ ಹ್ಯಾಂಡ್‌ಓವರ್, ಅಂದರೆ ಕೆಲಸ ಎಲ್ಲಿಗೆ ಬಂತು ಅಂತ ಅವರಿಗೆ ಒಪ್ಪಿಸುವ ನೋಟ್. ‘ನನಗೆ ಸುಸ್ತಾಗ್ತಿದೆ’ ಅಂತ ಶುರುಮಾಡಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಎಲ್ಲರಿಗೂ ಇದ್ದದ್ದೇ’ ಅನ್ನೋ ಉತ್ತರ ಗ್ಯಾರಂಟಿ. ಹೀಗೆ ಬರೆಯಿರಿ: ‘ಕಳೆದ ವಾರದ 5 ಕಾಲ್‌ಗಳಲ್ಲಿ ನಾನು ಮಾತಾಡಬೇಕಾಗಿ ಬಂದದ್ದು 2ರಲ್ಲಿ. ಉಳಿದವಕ್ಕೆ ಬರೆದ ನೋಟ್ ಸಾಕು ಅನಿಸುತ್ತೆ. ನಾಲ್ಕು ವಾರ ಪ್ರಯತ್ನಿಸಿ, ಏನಾದರೂ ತಡವಾದರೆ ವಾಪಸ್ ಹೋಗೋಣ.’ ನಾಲ್ಕು ವಾರ ಅನ್ನುವ ಗಡುವಿಗೆ ಇಲ್ಲ ಅನ್ನೋದು ಯಾರಿಗೂ ಕಷ್ಟ. 2 ಅನ್ನುವ ಜಾಗದಲ್ಲಿ ನಿಮ್ಮ ಹಾಳೆಯ ಸಂಖ್ಯೆಯನ್ನೇ ಹಾಕಿ, ಊಹೆ ಬೇಡ.

ಹ್ಯಾಂಡ್‌ಓವರ್ ನೋಟ್ ನಾಲ್ಕೇ ಸಾಲು. ಏನು ಮುಗಿಯಿತು, ಲಿಂಕ್ ಸಮೇತ. ಎಲ್ಲಿ ನಿಂತಿದೆ. ಯಾರಿಂದ ಏನು ಬೇಕು, ಹೆಸರು ಹಿಡಿದು. ನಾಲ್ಕನೆಯದೇ ಪ್ರಾಣ: ಉತ್ತರ ಬರದಿದ್ದರೆ ನಾಳೆ ನಾನೇನು ಮಾಡುತ್ತೇನೆ. ‘ಟೀಮ್ ಪ್ಲೀಸ್ ಕನ್ಫರ್ಮ್’ ಅಂತ ಬಿಟ್ಟರೆ ಯಾರೂ ಕನ್ಫರ್ಮ್ ಮಾಡೋದಿಲ್ಲ, ಕೊನೆಗೆ ರಾತ್ರಿ 10ಕ್ಕೆ ‘ಕ್ವಿಕ್ ಕಾಲ್?’ ಬರುತ್ತದೆ. ‘ನಾಳೆ 11ರೊಳಗೆ ಬೇರೆ ಏನೂ ಹೇಳದಿದ್ದರೆ ಡೇಟಾ ಟೇಬಲ್‌ನ ಹಳೆಯ ಕಾಲಂ ಮುಟ್ಟದೆ ಹೊಸದೊಂದು ಸೇರಿಸುತ್ತೇನೆ’ ಅಂತ ಬರೆದರೆ, ಆಕ್ಷೇಪ ಇದ್ದವರು ತಾವಾಗಿಯೇ ಬರೆಯುತ್ತಾರೆ. ಮೊದಲ ವಾರ ಈ ನೋಟಿಗೆ 25 ನಿಮಿಷ ಹಿಡಿಯಬಹುದು, ಬೇಜಾರಾಗಿ ಬಿಡಬೇಡಿ.

ಕಾಲ್ ಇರುವ ದಿನವೂ ಅದರ ಮರುದಿನವೂ ಕೆಲಸ ಶುರು 11ಕ್ಕೆ. 10:30ಕ್ಕೆ ಮುಗಿದ ಕಾಲ್‌ಗೂ ಮರುದಿನಕ್ಕೂ ಆಗ ಹನ್ನೆರಡೂವರೆ ಗಂಟೆ ಅಂತರ ಸಿಗುತ್ತದೆ. ಯಾರಾದರೂ ಗಂಟೆ ಲೆಕ್ಕ ಕೇಳಿದರೆ ಕಾಲ್ ಇರುವ ದಿನದ್ದನ್ನೇ ಕೊಡಿ: 11ರಿಂದ 6:30ರಲ್ಲಿ ಊಟದ 45 ನಿಮಿಷ ಕಳೆದರೆ ಆರೂಮುಕ್ಕಾಲು, ರಾತ್ರಿ ಕಾಲು ಗಂಟೆ ತಯಾರಿ, ಒಂದು ಗಂಟೆ ಕಾಲ್, ಒಟ್ಟು 8. ಸ್ಟ್ಯಾಂಡ್‌ಅಪ್ ಅನ್ನು 11:15ಕ್ಕೆ ತಳ್ಳಿ, ಆಗದಿದ್ದರೆ ಆ ದಿನಗಳಲ್ಲಿ ಟೀಮಿನ ಚಾಟ್ ಚಾನೆಲ್‌ನಲ್ಲಿ ಮೂರು ಸಾಲು ಹಾಕಿ. ಇಲ್ಲಿ ಸೋಲುವವರೇ ಜಾಸ್ತಿ. ರಾತ್ರಿ ಕಡಿಮೆ ಮಾಡಿ ಅಂತ ಧೈರ್ಯವಾಗಿ ಕೇಳುತ್ತಾರೆ, ಬೆಳಿಗ್ಗೆ ತಡವಾಗಿ ಬರೋಕೆ ಸಂಕೋಚಪಡುತ್ತಾರೆ.

ಸಂಜೆ 6:30ರಿಂದ 9:15 ಕ್ಯಾಲೆಂಡರಿನಲ್ಲಿ ಬ್ಲಾಕ್ ಆಗಿರಲಿ. ‘ಬ್ಯುಸಿ’ ಅಂತ ಮಾತ್ರ ಬರೆದರೆ ಅದರ ಮೇಲೇ ಮೀಟಿಂಗ್ ತಂದು ಕೂರಿಸುತ್ತಾರೆ. ‘ಮನೆ, ಊಟ. 9:15ರಿಂದ ಲಭ್ಯ’ ಅಂತ ಬರೆಯಿರಿ. ಆದರೂ ಆಹ್ವಾನ ಬಂದರೆ ಬರೀ ಡಿಕ್ಲೈನ್ ಒತ್ತಬೇಡಿ, ಬೇರೆ ಎರಡು ಸಮಯ ಕೊಡಿ. ಆಫೀಸಿಗೆ ಹೋಗುವ ದಿನ ರಾತ್ರಿ ಕಾಲ್ ಇದ್ದರೆ 4:30ಕ್ಕೇ ಹೊರಡಿ, ಉಳಿದ ಕೆಲಸ ಮನೆಗೆ ಬಂದಮೇಲೆ. 6:30ಕ್ಕೆ ಔಟರ್ ರಿಂಗ್ ರೋಡಿಗೆ ಇಳಿದವರ ಸಂಜೆ ರಸ್ತೆಯಲ್ಲೇ ಮುಗಿಯುತ್ತದೆ.

ಫೋನು: ಆಫೀಸಿನ ಚಾಟ್ ಆ್ಯಪ್ ಟೀಮ್ಸ್ ಆದರೆ ಕ್ವೈಟ್ ಟೈಮ್, ಸ್ಲ್ಯಾಕ್ ಆದರೆ ನೋಟಿಫಿಕೇಶನ್ ಶೆಡ್ಯೂಲ್ ಹಾಕಿ. ಆಫೀಸಿನವರು ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಕೊಟ್ಟಿದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ (ಪಾಜ್) ಆಯಿತು, ಕೆಲಸದ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ. ಸೋರಿಕೆ ಇರೋದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಮ್ಯೂಟ್ ಮಾಡಿದರೂ ಹೊಸ ಮೆಸೇಜ್ ಬಂದ ಗ್ರೂಪ್ ಪಟ್ಟಿಯ ಮೇಲಕ್ಕೆ ಬರುತ್ತದೆ, ಬೆರಳು ಅಲ್ಲಿಗೇ ಹೋಗುತ್ತದೆ. ಆರ್ಕೈವ್ ಮಾಡಿ. ನಿಜವಾದ ತುರ್ತಿಗೆ ಒಂದೇ ದಾರಿ ಇರಲಿ, ಫೋನ್ ಕರೆ. ‘ಸರ್ವರ್ ಬಿದ್ದರೆ ಕರೆ ಮಾಡಿ, ಮೆಸೇಜ್ ನೋಡಲ್ಲ’ ಅಂತ ಟೀಮಿಗೆ ಒಮ್ಮೆ ಹೇಳಿದರೆ ಸಾಕು. ಕರೆ ಮಾಡೋಕೆ ಎಲ್ಲರಿಗೂ ಸ್ವಲ್ಪ ಮುಜುಗರ, ಆ ಮುಜುಗರವೇ ಜರಡಿ.

ರಾತ್ರಿ ಕಾಲ್‌ಗೆ ಮುಂಚೆ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. 9ಕ್ಕೆ ಕುಡಿದದ್ದರ ಅರ್ಧ 2 ಗಂಟೆಗೂ ಮೈಯಲ್ಲೇ ಇರುತ್ತದೆ.

ಕಾನೂನು ಏನನ್ನುತ್ತದೆ ಅಂತ ಕೆಲವರು ಕೇಳುತ್ತಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಮೂಲ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48, ಆದರೆ ಮ್ಯಾನೇಜ್‌ಮೆಂಟ್ ಹುದ್ದೆಯವರಿಗೆ ಅನ್ವಯಿಸುವುದಿಲ್ಲ. ಮೊದಲ ಮಾತುಕತೆಯಲ್ಲೇ ಕಾಯ್ದೆ ತೆಗೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಅದನ್ನು ಕೊನೆಗಿಟ್ಟುಕೊಳ್ಳಿ.

ಮೂರನೇ ವಾರಕ್ಕೆ ಸಾಮಾನ್ಯವಾಗಿ ಒಂದು ಬುಧವಾರ ‘ಇದೊಂದು ಸಲ’ ಅಂತ ಕಾಲ್ ಬರುತ್ತದೆ. ಸೇರಿಕೊಳ್ಳಿ, ತೊಂದರೆಯಿಲ್ಲ. ಆದರೆ ಕಾಲ್ ಮುಗಿಯುವ ಮೊದಲೇ ‘ಹಾಗಿದ್ರೆ ಈ ಗುರುವಾರದ್ದು ಬೇಡ ಅಲ್ವಾ?’ ಅಂತ ಎಲ್ಲರೆದುರೇ ಕೇಳಿಬಿಡಿ.