ಕೊರೊನಾ ಸಮಯದಲ್ಲಿ ನಾಯಿಯ ಕಾಲಿಗೆ ಸ್ಯಾನಿಟೈಸರ್ ಹಾಕಬಹುದಾ?

ಖಂಡಿತ ಬೇಡ. ಹೊರಗಿಂದ ಬಂದ ನಾಯಿಯ ಕಾಲನ್ನು ಸಾದಾ ನೀರಲ್ಲಿ ತೊಳೆದು ಒರೆಸಿದರೆ ಸಾಕು.

ನಾಯಿ ಕಾಲು ನೆಕ್ಕುತ್ತಲೇ ಇರುತ್ತದೆ, ಅಲ್ವಾ? ಹಾಗೆ ನೆಕ್ಕಿದಾಗ ಸ್ಯಾನಿಟೈಸರಿನ ಸ್ಪಿರಿಟ್ಟು ಹೊಟ್ಟೆಗೆ ಹೋಗುತ್ತದೆ. ಅದು ನಾಯಿಗೆ ವಿಷ. ಫಿನಾಯಿಲೂ ಅಷ್ಟೇ.

ನಮ್ಮ ಶಿವಮೊಗ್ಗದ ಮಳೆಗಾಲದಲ್ಲಂತೂ ಬೆರಳ ಸಂದಿಯ ಕೆಸರು ತೆಗೆದು, ಹಳೇ ಪಂಚೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಉಳಿದರೆ ಅಲ್ಲೇ ಹುಣ್ಣಾಗಬಹುದು.

ಕೊರೊನಾ ಹರಡುವುದು ಜಾಸ್ತಿ ಮನುಷ್ಯರ ಉಸಿರು, ಕೆಮ್ಮಿನಿಂದ. ನಾಯಿಯ ಕೂದಲಿನಿಂದ ಹರಡುತ್ತದೆ ಎನ್ನಲು ಪುರಾವೆ ಇಲ್ಲ. ಸೋಂಕಿರುವ ನಮ್ಮಿಂದಲೇ ಅದಕ್ಕೆ ತಗುಲಬಹುದು. 2020ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಾಕುನಾಯಿಗಳಲ್ಲಿ ಇದು ಕಂಡುಬಂದಿತ್ತು. ಹಾಗಾಗಿ ಜ್ವರ, ಕೆಮ್ಮು ಇದ್ದವರು ದಯವಿಟ್ಟು ಮುದ್ದು ಮಾಡಬೇಡಿ. ಅನ್ನ ಹಾಕುವ ಕೆಲಸ ಮನೆಯ ಬೇರೆಯವರು ನೋಡಿಕೊಳ್ಳಲಿ. ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಬೇಕಾದದ್ದು ನಮ್ಮ ಕೈ.