ಬೆಳಿಗ್ಗೆ ಐದಕ್ಕೆ ಏಳುವವರು ಯಾರು?

ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ನಾಯಿಯ ಹೆಸರನ್ನೂ. ಬರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ನಾನು ಸಲಹೆಗಾರ್ತಿ. ಸಂಧ್ಯಾ ಮೊದಲ ದಿನ ನನ್ನ ಹತ್ತಿರ ಒಬ್ಬರೇ ಬಂದಿದ್ದರು. ಐದು ತಿಂಗಳ ಬಸುರಿ. ಕೂತವರೇ ಹೇಳಿದರು, "ಮೇಡಂ, ನೀವು ನಗಬಾರದು. ನಾನು ನಮ್ಮ ನಾಯಿ ವಿಷಯ ಮಾತಾಡೋಕೆ ಬಂದಿದೀನಿ."

ನಗುವಂಥದ್ದು ಅದರಲ್ಲಿ ಏನಿದೆ? ಮನೆಯವರ ಹತ್ತಿರ ಹೇಳಿದರೆ "ನಾಯಿ ತಾನೇ, ಯಾರಿಗಾದರೂ ಕೊಟ್ಟುಬಿಡು" ಅನ್ನುತ್ತಾರೆ. ನಾಯಿ ಸಾಕಿದ ಗೆಳತಿಯರ ಹತ್ತಿರ ಹೇಳಿದರೆ "ಅಯ್ಯೋ, ಆ ಮಾತು ಬಾಯಲ್ಲಾದರೂ ಹೇಗೆ ಬರುತ್ತೆ ನಿಂಗೆ" ಅನ್ನುತ್ತಾರೆ. ಸಂಧ್ಯಾಗೆ ಎರಡೂ ಕಡೆ ಬೈಗುಳ ಸಿಕ್ಕಿತ್ತು. ಮೂರು ವಾರದಿಂದ ನಿದ್ದೆ ಸರಿಯಾಗಿ ಇರಲಿಲ್ಲ.

ಭೈರ ಮುಧೋಳ ತಳಿಯ ಗಂಡು. ನಾಲ್ಕು ವರ್ಷ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ದೇಶಿ ನಾಯಿ ಸಾಕಿ ಎಂದು ಹೇಳಿ, ಮುಧೋಳದ ಹೆಸರನ್ನೂ ಎತ್ತಿದ್ದರು. ಗದಗದ ಕಡೆಯವರಾದ ಪತಿ ಪ್ರವೀಣ್‌ಗೆ ಅವತ್ತೇ ಆಸೆ ಹುಟ್ಟಿತು. ಬಾಗಲಕೋಟೆ ಕಡೆಯ ನೆಂಟರ ಮೂಲಕ ಮರಿ ತರಿಸಿದರು. ಆಗ ಇಬ್ಬರಿಗೂ ಮನೆಯಿಂದಲೇ ಕೆಲಸ. ಮರಿಗೆ ದಿನವಿಡೀ ಜನ. ಆಮೇಲೆ ಇಬ್ಬರೂ ಆಫೀಸಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಭೈರ ಎದೆಯೆತ್ತರಕ್ಕೆ ಕಾಲು ಹಾಕುವಷ್ಟು ಬೆಳೆದಿದ್ದ.

ಮುಧೋಳ ಬೇಟೆಯ ತಳಿ. ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ಮೊಲದ ಬೆನ್ನು ಹತ್ತುವ ನಾಯಿ. ಚೆನ್ನಾಗಿ ಓಡಿಸಿದರೆ ಮನೆಯಲ್ಲಿ ಸುಮ್ನೆ ಮಲಗಿರುತ್ತದೆ. ಓಡಿಸದೆ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಕೂಡಿಹಾಕಿದರೆ ಅದರ ಕಾಲು ಸುಮ್ಮನಿರುವುದಿಲ್ಲ, ಬಾಯಿಯೂ ಸುಮ್ಮನಿರುವುದಿಲ್ಲ. ಭೈರ ಒಬ್ಬನೇ ಇದ್ದಾಗ ಊಳಿಡುತ್ತಿದ್ದ. ಸೋಫಾ ಹರಿದಿದ್ದ. ಕೆಳಗಿನ ಮನೆಯವರು ಅಸೋಸಿಯೇಷನ್‌ಗೆ ಎರಡು ಸಲ ದೂರು ಕೊಟ್ಟಿದ್ದರು. ಹೊಸಬರು ಮುಟ್ಟಿದರೆ ಅವನಿಗೆ ಆಗದು. ಇತ್ತೀಚೆಗೆ ಸಂಧ್ಯಾ ತಲೆ ಸವರಿದರೂ ಗುರ್ ಅನ್ನುತ್ತಿದ್ದ.

ಮತ್ತೆ ಆ ಒಂದು ಘಟನೆ. ಎದುರು ಮನೆಯ ಮೂರು ವರ್ಷದ ಮಗು ಬಾಗಿಲು ತೆರೆದಿದ್ದಾಗ ಓಡಿ ಒಳಗೆ ಬಂತು. ಮಲಗಿದ್ದ ಭೈರ ಎದ್ದು ಗಾಳಿಯಲ್ಲಿ ಬಾಯಿ ಹಾಕಿದ. ಹಲ್ಲು ತಾಗಲಿಲ್ಲ. "ತಾಗಲಿಲ್ಲವಲ್ಲ, ಬಿಡು" ಅಂದರು ಪ್ರವೀಣ್. ಸಂಧ್ಯಾಗೆ ಬಿಡಲು ಆಗಲಿಲ್ಲ. ನಾನೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಇಬ್ಬರೂ ಬಂದರು. ಪ್ರವೀಣ್ ಮಾತು ಸ್ಪಷ್ಟ. "ಭೈರ ನಮ್ಮ ಮೊದಲ ಮಗು. ಮಗು ಬಂತು ಅಂತ ಮಗೂನ ಹೊರಗೆ ಹಾಕ್ತೀವಾ?" ಗದಗದಿಂದ ಅವರ ತಾಯಿಯ ಫೋನು ದಿನಾ ಬರುತ್ತಿತ್ತು. "ಕೂಸು ಬರೂ ಮನ್ಯಾಗ ನಾಯಿ ಯಾಕವ್ವಾ? ಅದರ ಕೂದಲ ಕೂಸಿನ ಹೊಟ್ಟ್ಯಾಗ ಹೋದ್ರ?" ಸಂಧ್ಯಾ ಇಬ್ಬರಿಗೂ ಉತ್ತರ ಕೊಡದೆ ಕೈಬೆರಳು ನೋಡುತ್ತಾ ಕೂತಿದ್ದರು.

ನಾನು ಆ ದಿನ ಇಟ್ಟುಕೊಳ್ಳಿ, ಕೊಡಿ ಎಂದು ಏನೂ ಹೇಳಲಿಲ್ಲ. ಒಂದೇ ಕೆಲಸ ಕೊಟ್ಟೆ. "ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ಒಂದು ವಾರ ಭೈರನಿಗಾಗಿ ಯಾರು ಏನು ಮಾಡಿದಿರಿ, ಎಷ್ಟು ಹೊತ್ತು ಅಂತ ಬರೆಯಿರಿ. ಜಗಳ ಬೇಡ. ಬರೀ ಬರೆಯಿರಿ."

ಹಾಳೆ ಬಂತು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ವಾಕಿಂಗ್, ಸಂಧ್ಯಾ. ಚಿಕನ್ ಅನ್ನ ಬೇಯಿಸುವುದು, ಸಂಧ್ಯಾ. ಸಂಜೆ ವಾಕಿಂಗ್, ಸಂಧ್ಯಾ. ರಾತ್ರಿ ಎರಡಕ್ಕೆ ಬಾಗಿಲು ಕೆರೆದಾಗ ಎದ್ದದ್ದು, ಸಂಧ್ಯಾ. ಬಾಲ್ಕನಿ ತೊಳೆದದ್ದು, ಸಂಧ್ಯಾ. ವಾರಕ್ಕೆ 19 ಗಂಟೆ. ಪ್ರವೀಣ್‌ದು 3 ಗಂಟೆ, ಅದರಲ್ಲಿ ಹೆಚ್ಚಿನದು ರಾತ್ರಿ ಚೆಂಡು ಎಸೆದು ಆಡಿಸಿದ್ದು.

ಪ್ರವೀಣ್ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಆಡ್ಸೋದನ್ನೇ ನಾನು ನೋಡ್ಕೊಳ್ಳೋದು ಅಂದ್ಕೊಂಡಿದ್ದೆ ಮೇಡಂ."

ಅವರು ಕೆಟ್ಟವರಲ್ಲ. ನಾಯಿಯನ್ನು ಪ್ರಾಣದಂತೆ ಪ್ರೀತಿಸುವವರು. ಆದರೆ "ಇಟ್ಟುಕೊಳ್ಳೋಣ" ಎಂದು ಗಟ್ಟಿಯಾಗಿ ಹೇಳುವವರು ಐದಕ್ಕೆ ಏಳುವವರಾಗಿರಲಿಲ್ಲ. "ಕೊಟ್ಟುಬಿಡೋಣವೇನೋ" ಎಂದು ಅಳುತ್ತಾ ಹೇಳುವವರು ಬಸುರಿನಲ್ಲೂ ಏಳುತ್ತಿದ್ದರು. ಇಂಥ ಮನೆಗಳನ್ನು ನಾನು ಹಲವು ಸಲ ನೋಡಿದ್ದೇನೆ. ದಣಿದವರು ಸಹಾಯ ಕೇಳುವುದಿಲ್ಲ. ನಾಯಿಯೇ ಬೇಡ ಅನ್ನುತ್ತಾರೆ. ಸಹಾಯ ಸಿಕ್ಕಬಹುದು ಎಂಬ ಯೋಚನೆಯೇ ಅವರಿಗೆ ಬರುವುದಿಲ್ಲ.

ಆದರೂ ಸಂಧ್ಯಾ ಮುಖದಲ್ಲಿ ದಣಿವಿನ ಜತೆ ಇನ್ನೂ ಏನೋ ಇತ್ತು. ಒಬ್ಬರನ್ನೇ ಮತ್ತೊಮ್ಮೆ ಕರೆದೆ.

ಎರಡು ವರ್ಷದ ಹಿಂದೆ ಹತ್ತು ವಾರಕ್ಕೆ ಒಂದು ಗರ್ಭ ಹೋಗಿತ್ತು. ಹದಿನೈದು ದಿನ ಮಂಚ ಬಿಟ್ಟು ಏಳಲಿಲ್ಲ. ಬಂದವರೆಲ್ಲ "ಮರೆತುಬಿಡು, ಇನ್ನೂ ವಯಸ್ಸಿದೆ" ಅಂದರು. ಭೈರ ಮಾತ್ರ ಕಾಲ ಹತ್ತಿರ ಮಲಗಿದ್ದ. ಊಟಕ್ಕೂ ಎದ್ದು ಹೋಗುತ್ತಿರಲಿಲ್ಲ. ಆ ದಿನಗಳಲ್ಲೇ ನೋಡಲು ಬಂದ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದರು: "ನಾಯಿ ಇರೋ ಮನೇಲಿ ಬಸುರು ನಿಲ್ಲಲ್ಲ. ಅದರಿಂದ ಒಂಥರಾ ಹುಳ ಬರುತ್ತೆ."

ಆ ಮಾತನ್ನು ಸಂಧ್ಯಾ ಗಂಡನಿಗೆ ಹೇಳಿರಲಿಲ್ಲ. ಡಾಕ್ಟರಿಗೂ ಹೇಳಿರಲಿಲ್ಲ. ಎರಡು ವರ್ಷ ಎದೆಯಲ್ಲೇ ಇಟ್ಟುಕೊಂಡಿದ್ದರು. "ಅವನನ್ನ ನೋಡಿದ್ರೆ ಸಮಾಧಾನ ಆಗುತ್ತೆ ಮೇಡಂ. ಮುಟ್ಟಿದ್ರೆ ಭಯ ಆಗುತ್ತೆ. ಮುಟ್ಟಿ ಹೋಗಿ ನಾಲ್ಕು ಸಲ ಕೈ ತೊಳೀತೀನಿ. ಆಮೇಲೆ ಅವನಿಗೆ ಮೋಸ ಮಾಡ್ತಿದೀನಿ ಅನ್ಸುತ್ತೆ."

ಇಂಥ ಮಾತು ಆಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅರ್ಧ ಕೇಳಿಸಿಕೊಂಡ ವಿಷಯವನ್ನು ಗರ್ಭ ಕಳೆದುಕೊಂಡವಳ ಕಿವಿಗೆ ಹಾಕಿ ಹೋಗುತ್ತಾರೆ. ಅವರು ಹೇಳಿದ್ದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ವಿಷಯ. ಅದು ಬರುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪು ತರಕಾರಿಗೆ ಅಂಟಿದ ಮಣ್ಣಿನಿಂದ. ನಾಯಿಯ ಮಲದಲ್ಲಿ ಅದರ ತತ್ತಿ ಹೊರಬೀಳುವುದಿಲ್ಲ. ನಾನು ಹೇಳಿದರೆ ಸಾಲದು, ನಿಮ್ಮ ಡಾಕ್ಟರ ಬಾಯಿಂದಲೇ ಕೇಳಿ ಎಂದೆ. ಮುಂದಿನ ಚೆಕಪ್‌ನಲ್ಲಿ, ಪ್ರವೀಣ್ ಪಕ್ಕದಲ್ಲಿ ಕೂತಿರುವಾಗ, ಸಂಧ್ಯಾ ಕೇಳಿದರು. ಡಾಕ್ಟರು ನಿಧಾನವಾಗಿ ವಿವರಿಸಿದರಂತೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಭ್ರೂಣದ ವರ್ಣತಂತುಗಳ ದೋಷದಿಂದ ಹೋಗುತ್ತವೆ. ನಿಮ್ಮ ತಪ್ಪೂ ಅಲ್ಲ, ನಾಯಿಯ ತಪ್ಪೂ ಅಲ್ಲ. ಸಂಧ್ಯಾ ಅಲ್ಲೇ ಅತ್ತರು. ಪ್ರವೀಣ್‌ಗೆ ಆ ಮಾತು ಆವತ್ತೇ ಮೊದಲು ಗೊತ್ತಾದದ್ದು.

ಅಲ್ಲಿಂದ ಮುಂದೆ ನಾವು ನಾಯಿಯ ವಿಷಯವನ್ನು ನಾಯಿಯ ವಿಷಯವಾಗಿ ಮಾತಾಡಲು ಸಾಧ್ಯವಾಯಿತು.

ನಾನು ಮನುಷ್ಯರ ಸಲಹೆಗಾರ್ತಿ, ನಾಯಿಯ ತಜ್ಞೆಯಲ್ಲ. ಅದಕ್ಕೇ ಮೊದಲು ಪಶುವೈದ್ಯರಿಗೆ ತೋರಿಸಿ ಎಂದೆ. ಇದ್ದಕ್ಕಿದ್ದಂತೆ ಮುಟ್ಟಿಸಿಕೊಳ್ಳದ ನಾಯಿಗೆ ಎಲ್ಲೋ ನೋವಿರಬಹುದು. ಭೈರನ ಎಡಗಿವಿಯಲ್ಲಿ ಸೋಂಕಿತ್ತು. ಔಷಧಿ ಹಾಕಿದ ಹದಿನೈದು ದಿನಕ್ಕೆ ತಲೆ ಸವರಿದರೆ ಗುರ್ ಅನ್ನುವುದು ನಿಂತಿತು. ರೇಬಿಸ್ ಲಸಿಕೆಯ ದಿನ ದಾಟಿ ಎರಡು ತಿಂಗಳಾಗಿತ್ತು, ಅದನ್ನೂ ಹಾಕಿಸಿದರು. ಹುಳದ ಮಾತ್ರೆ, ಉಣ್ಣೆಗೆ ಔಷಧಿ ಕೂಡ. ಸಂಧ್ಯಾಗೆ ಇನ್ನೊಂದು ಮಾತು ಹೇಳಿದೆ. ಯಾವ ನಾಯಿಯೇ ಆಗಲಿ ಕಚ್ಚಿದರೆ, ಉಗುರು ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಬಸುರಿಯರಿಗೂ ರೇಬಿಸ್ ಲಸಿಕೆ ಕೊಡುತ್ತಾರೆ. ಹೆದರಿ ಮುಂದೂಡಬಾರದು.

ಗುರುಗುಟ್ಟಿದಾಗ ಪ್ರವೀಣ್ ಭೈರನಿಗೆ ಗದರುತ್ತಿದ್ದರು. ಅದನ್ನು ಬಿಡಿಸಿದೆ. ಗುರುಗುಟ್ಟುವುದು "ದೂರ ಇರು" ಎಂದು ಅವನು ಹೇಳುವ ರೀತಿ. ಗದರಿ ಅದನ್ನು ನಿಲ್ಲಿಸಿದರೆ ಮುಂದೊಂದು ದಿನ ಏನೂ ಹೇಳದೆ ಕಚ್ಚಬಹುದು. ಅದಕ್ಕೂ ಮೊದಲಿನ ಗುರುತುಗಳನ್ನು ಕಲಿಯಿರಿ ಎಂದೆ. ಮುಖ ಆಚೆ ತಿರುಗಿಸುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ನಿದ್ದೆ ಇಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಮೈ ಕಲ್ಲಿನಂತೆ ಬಿಗಿಯಾಗುವುದು. ಕೊನೆಯದು ಕಂಡರೆ ಆ ಕ್ಷಣವೇ ಮಗುವನ್ನು ಎತ್ತಿಕೊಳ್ಳಬೇಕು.

ಬಾಣಂತನಕ್ಕೆ ಸಂಧ್ಯಾ ತವರಿಗೆ, ಹಾಸನಕ್ಕೆ ಹೋಗುವುದೆಂದು ಮಾತಾಗಿತ್ತು. "ಮೂರು ತಿಂಗಳು ಮಗು ಅಲ್ಲೇ ಇರುತ್ತೆ, ಆಮೇಲೆ ನೋಡ್ಕೊಳ್ಳೋಣ" ಅಂದರು ಪ್ರವೀಣ್. ಈ ಲೆಕ್ಕ ತಪ್ಪು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಕಾಯುವುದು ಸುಲಭ, ದೊಡ್ಡವರು ಪಕ್ಕದಲ್ಲೇ ಇರುತ್ತಾರೆ. ಕಷ್ಟ ಶುರುವಾಗುವುದು ಏಳನೇ, ಎಂಟನೇ ತಿಂಗಳಲ್ಲಿ. ಮಗು ಅಂಬೆಗಾಲಿಟ್ಟು ಹೋಗಿ ಮಲಗಿದ ನಾಯಿಯ ಬಾಲ ಎಳೆಯುತ್ತದೆ, ಅದರ ತಟ್ಟೆಗೆ ಕೈ ಹಾಕುತ್ತದೆ. ಭೈರನಂಥ ನಾಯಿಗೆ ನೆಲದ ಮೇಲೆ ಸರಸರ ಹೋಗುವ ಚಿಕ್ಕ ಜೀವ ಕಂಡರೆ ಮೈಯೆಲ್ಲ ಕಣ್ಣಾಗುತ್ತದೆ. ನೀವು ಯೋಚಿಸಬೇಕಾದದ್ದು ಆ ತಿಂಗಳುಗಳ ಬಗ್ಗೆ ಎಂದೆ. ಮನೆಯಲ್ಲಿ ಅಡ್ಡಗೇಟು ಬೇಕು. ಭೈರನಿಗೆ ಮಗು ಬಾರದ ಒಂದು ಮೂಲೆ ಬೇಕು. ಇಬ್ಬರನ್ನೇ ಅರೆಕ್ಷಣವೂ ಬಿಡಬಾರದು, ಹಾಲು ಉಕ್ಕುತ್ತಿದೆ ಎಂದು ಓಡುವಾಗಲೂ.

ಆಮೇಲೆ ಮುಖ್ಯ ಷರತ್ತು. ನಾಳೆಯಿಂದ ಆರು ವಾರ ಭೈರನ ಎಲ್ಲ ಕೆಲಸವೂ ಪ್ರವೀಣ್‌ದು. ನಡುವೆ ಸಂಧ್ಯಾ ಕೈ ಹಾಕುವಂತಿಲ್ಲ, ಮರುಕ ಬಂದರೂ. ಮಲಗುವ ಕೋಣೆಯ ಬಾಗಿಲು ಭೈರನಿಗೆ ಈಗಿನಿಂದಲೇ ಮುಚ್ಚಲಿ. ಮಗು ಬಂದ ದಿನ ಎಲ್ಲ ಒಟ್ಟಿಗೆ ಬದಲಾದರೆ ಅವನು ಆ ಬದಲಾವಣೆಯನ್ನು ಮಗುವಿನ ಜತೆ ಸೇರಿಸಿಕೊಳ್ಳುತ್ತಾನೆ. ಆರು ವಾರದ ಕೊನೆಗೆ, ಎಂಟನೇ ತಿಂಗಳು ಹಿಡಿಯುವ ಮೊದಲು, ತೀರ್ಮಾನ. ಹೆರಿಗೆಯಾದ ಮೇಲೆ ನಿದ್ದೆಗೆಟ್ಟ ರಾತ್ರಿಯಲ್ಲಿ ಈ ತೀರ್ಮಾನ ಮಾಡಿದರೆ ನಾಯಿಗೂ ಅನ್ಯಾಯ, ತಾಯಿಗೂ ಅನ್ಯಾಯ.

ನಾಲ್ಕು ವಾರ ಪ್ರವೀಣ್ ಚಾಚೂ ತಪ್ಪದೆ ಮಾಡಿದರು. ಐದಕ್ಕೆ ಎದ್ದರು. ಅನ್ನ ಬೇಯಿಸಿದರು. ಭೈರ ನಿಜಕ್ಕೂ ಶಾಂತನಾದ. ಐದನೇ ವಾರ ಆಫೀಸಿನಲ್ಲಿ ರಾತ್ರಿ ಪಾಳಿ ಬಿತ್ತು. ಬೆಳಿಗ್ಗೆ ನಾಲ್ಕಕ್ಕೆ ಮನೆಗೆ ಬಂದು ಐದಕ್ಕೆ ನಾಯಿ ಕರೆದುಕೊಂಡು ಹೊರಟವರು ಪಾರ್ಕಿನ ಬೆಂಚಿನ ಮೇಲೆ ನಿದ್ದೆ ಹೋದರು. ಎಚ್ಚರವಾದಾಗ ಬೆಲ್ಟ್ ಕೈಯಲ್ಲೇ ಇತ್ತು, ಭೈರ ಕಾಲ ಬಳಿ ಕೂತಿದ್ದ. ಆರನೇ ವಾರ ನನ್ನ ಎದುರು ಅವರೇ ಬಾಯಿಬಿಟ್ಟರು. "ನನ್ನ ಕೈಲಿ ಆಗಲ್ಲ ಮೇಡಂ. ಇವನಿಗೆ ಬೇಕಾದಷ್ಟು ನನ್ನ ಹತ್ರ ಇಲ್ಲ." ಸಂಧ್ಯಾ ಅವರ ಕೈ ಹಿಡಿದುಕೊಂಡರು. ಆ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಆ ಮನೆಯಲ್ಲಿ ಜೀವಮಾನವಿಡೀ ಒಂದು ದೂರು ಉಳಿಯುತ್ತಿತ್ತು.

ಎಲ್ಲಿಗೆ ಕಳಿಸುವುದು? ನೆಂಟರೊಬ್ಬರು ಊರಾಚೆ ರಸ್ತೆಯಲ್ಲಿ ಬಿಟ್ಟು ಬನ್ನಿ ಅಂದಿದ್ದರು. ಹಾಗೆ ಬಿಡುವುದು ಕ್ರೌರ್ಯ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ. ಸಂಧ್ಯಾ ತಂದೆ ಸಕಲೇಶಪುರದ ಕಡೆಯ ಕಾಫಿ ತೋಟಕ್ಕೆ ಕಳಿಸಿ ಅಂದರು. ತೋಟ ಅಂದ ಕೂಡಲೇ ಎಲ್ಲರ ಮನಸ್ಸಿಗೂ ಹಗುರವಾಗುತ್ತದೆ. ನಾನು ಕೇಳಿದೆ, "ಅಲ್ಲಿ ಅವನನ್ನು ಹಗಲು ಕಟ್ಟಿಹಾಕುತ್ತಾರಾ? ರಾತ್ರಿ ಎಲ್ಲಿ ಮಲಗುತ್ತಾನೆ?" ಹಗಲು ಚೈನು, ರಾತ್ರಿ ಜಗಲಿ. ಆ ಕಡೆ ಚಿರತೆ ಮೊದಲು ಹೊತ್ತೊಯ್ಯುವುದೇ ನಾಯಿಗಳನ್ನು, ಇದು ಸಂಧ್ಯಾಗೆ ಚಿಕ್ಕಂದಿನಿಂದ ಗೊತ್ತು. ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಪ್ರವೀಣ್ ಸಹೋದ್ಯೋಗಿಯ ಅಕ್ಕ ಸಿಕ್ಕಿದರು. ಧಾರವಾಡದ ಹೊರಗೆ ಸ್ವಂತ ಮನೆ, ಎತ್ತರದ ಕಾಂಪೌಂಡು, ಮಕ್ಕಳು ದೊಡ್ಡವರು. ಮೊದಲು ಎರಡು ಮುಧೋಳ ನಾಯಿ ಸಾಕಿದವರು. ಪ್ರವೀಣ್ ಏನನ್ನೂ ಮುಚ್ಚಿಡಬಾರದು ಎಂದಿದ್ದೆ. ಎದುರು ಮನೆ ಮಗುವಿನ ವಿಷಯ, ಊಳಿಡುವುದು, ಕಿವಿ, ಎಲ್ಲ ಹೇಳಿದರು. ಅವರು ಎರಡು ಸಲ ಬೆಂಗಳೂರಿಗೆ ಬಂದು ಭೈರನ ಜತೆ ಕಾಲ ಕಳೆದರು. ಮೂರನೇ ಸಲ ಪ್ರವೀಣ್ ಅವನನ್ನು ಕರೆದುಕೊಂಡು ಹೋಗಿ ಮೂರು ದಿನ ಅಲ್ಲೇ ಇದ್ದರು. ತೊಳೆಯದ ಹಾಸಿಗೆ, ಅದೇ ತಟ್ಟೆ, ಲಸಿಕೆ ಪುಸ್ತಕ ಜತೆಗೆ ಹೋದವು. ಹೊಂದದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ಹೇಳಿ ಎಂದು ಮಾತು ತೆಗೆದುಕೊಂಡರು.

ಸೀಮಂತದ ದಿನ ಎಲ್ಲರೂ ಸಂಭ್ರಮದಲ್ಲಿದ್ದರೆ ಸಂಧ್ಯಾ ಬಚ್ಚಲಿಗೆ ಹೋಗಿ ಅತ್ತು ಬಂದರಂತೆ. "ನಾಯಿಗೆ ಇಷ್ಟು ಅಳೋದಾ ಅಂತ ಅತ್ತೆ ಕೇಳಿದರೆ?" ಎಂದು ಹೆದರಿದ್ದರು. ಅತ್ತೆ ಕೇಳಲಿಲ್ಲ. ಬೆನ್ನು ಸವರಿ, "ಅಳು ಯವ್ವಾ, ನಾಲ್ಕ್ ವರ್ಷ ಅನ್ನ ಹಾಕೀದಿ" ಅಂದರು.

ಈಗ ಮಗುವಿಗೆ ಎಂಟು ತಿಂಗಳು. ಮೊನ್ನೆ ಫೋನ್ ಮಾಡಿದ್ದರು. ಪ್ರವೀಣ್ ಐದಕ್ಕೆ ಏಳುವುದನ್ನು ಬಿಟ್ಟಿಲ್ಲ, ಮಗುವಿನ ಬೆಳಗಿನ ಪಾಳಿ ಅವರದ್ದು. ಧಾರವಾಡದಿಂದ ವಾರಕ್ಕೊಂದು ವಿಡಿಯೊ ಬರುತ್ತದೆ, ಭೈರ ಹೊಲದಲ್ಲಿ ಓಡುವುದು. ದಸರಾ ರಜೆಗೆ ಮಗುವನ್ನು ಕರೆದುಕೊಂಡು ನೋಡಿ ಬರಬಹುದಾ ಎಂದು ಕೇಳಿದರು. ಹೋಗಿ ಬನ್ನಿ ಎಂದೆ. ಮಗು ನಿಮ್ಮ ತೋಳಿನಲ್ಲೇ ಇರಲಿ, ಭೈರನ ಬೆಲ್ಟ್ ಧಾರವಾಡದ ಅಕ್ಕನ ಕೈಯಲ್ಲಿರಲಿ, ಮೊದಲು ನೀವಿಬ್ಬರೇ ಒಳಗೆ ಹೋಗಿ ಅವನನ್ನು ಮಾತಾಡಿಸಿ. ಮಗುವನ್ನು ಆಮೇಲೆ ತೋರಿಸಬಹುದು.