ಧರ್ಮದ ಕಾಲಂನಲ್ಲಿ ಏನೆಂದು ಬರೆಯುವುದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹನ್ನೊಂದನೆಯ ತರಗತಿಯಲ್ಲಿರುವ ನನ್ನ ಮಗಳು ಧರ್ಮಗಳ ಅಧ್ಯಯನವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿದ್ದಾಳೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುರಿತ ಪಾಠ ಓದುತ್ತಾ, ‘ಅಮ್ಮ, ಇವರ ದೇವರ ಹೆಸರೇನು?’ ಎಂದು ಕೇಳಿದಳು. ಪುಸ್ತಕದಲ್ಲಿ ‘ಕನಸಿನ ಕಾಲ’ ಎಂಬ ಮಾತಿದೆಯೇ ಹೊರತು ದೇವರ ಹೆಸರಿಲ್ಲ. ಇದನ್ನು ಧರ್ಮವೆನ್ನಬೇಕೋ, ಪುರಾಣಕಥೆ ಎನ್ನಬೇಕೋ?
– ಓದುಗಿಯೊಬ್ಬರು, ಸಿಡ್ನಿ

ಉತ್ತರ: ಮಗಳ ಪ್ರಶ್ನೆ ಸಹಜವಾದದ್ದೇ. ಆದರೆ ದೇವರು, ಗ್ರಂಥ, ಗುಡಿ, ಪುರೋಹಿತ ಇವನ್ನು ಹುಡುಕಿಕೊಂಡು ಹೋಗಿ, ಯಾವುದೂ ಕಾಣದಿದ್ದಾಗ ‘ಇವರಿಗೆ ಧರ್ಮವೇ ಇಲ್ಲ’ ಎಂದು ತೀರ್ಮಾನಿಸಿದವರು ಆ ನೆಲಕ್ಕೆ ಮೊದಲು ಬಂದಿಳಿದ ಬಿಳಿಯರಲ್ಲಿ ಅನೇಕರಿದ್ದರು ಎಂಬುದನ್ನು ಅವಳಿಗೆ ಹೇಳಿ. ‘ಕನಸಿನ ಕಾಲ’ ಎಂಬುದೂ ಹೊರಗಿನವರು ಇಟ್ಟ ಹೆಸರೇ. 1890ರ ದಶಕದಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ತಂತಿ ಕಚೇರಿಯ ಮುಖ್ಯಸ್ಥರಾಗಿದ್ದ ಫ್ರಾಂಕ್ ಗಿಲನ್ ಅವರು ಅಲ್ಲಿನ ಅರೆಂಟೆ ಜನರ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಹೀಗೆ ಅರ್ಥ ಕೊಟ್ಟರು. ಅದು ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳನ್ನಾಡುತ್ತಿದ್ದ ಜನರೆಲ್ಲರ ತಲೆಗೂ ಕಟ್ಟಿಹೋಯಿತು. 1953ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್ ಅವರು ಇದು ಹಿಂದೆಂದೋ ಮುಗಿದುಹೋದ ಕಾಲವಲ್ಲ, ಆಗಲೂ ಈಗಲೂ ಯಾವಾಗಲೂ ಇರುವಂಥದ್ದು ಎಂದು ವಿವರಿಸಿ, ಅದಕ್ಕಾಗಿ ‘ಎವ್ರಿವೆನ್’ ಎಂಬ ಹೊಸ ಪದವನ್ನೇ ಹೊಸೆಯಬೇಕಾಯಿತು.

ಮರುಭೂಮಿಯ ನಡುವಿನ ಉಲುರು ಬಂಡೆಯ ಒಡೆಯರಾದ ಅನಂಗು ಜನರು ತಮ್ಮ ಈ ಪರಂಪರೆಯನ್ನು ‘ಚುಕುರ್ಪ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ವಿವರಿಸುವಾಗ ಅವರು ಹೆಚ್ಚಾಗಿ ಬಳಸುವ ಪದ ‘ಲಾ’, ಎಂದರೆ ಕಟ್ಟಳೆ. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ‘ಮತ’ ಬೇರೆ, ‘ಧರ್ಮ’ ಬೇರೆ. ಮತವನ್ನು ಬದಲಾಯಿಸಬಹುದು, ಆದರೆ ‘ಅದು ನನ್ನ ಧರ್ಮ’ ಎಂದು ಒಬ್ಬರು ಹೇಳಿದಾಗ ಅವರು ನಂಬಿಕೆಯನ್ನಲ್ಲ, ಮಾಡಲೇಬೇಕಾದ ಕೆಲಸವನ್ನು ಸೂಚಿಸುತ್ತಿರುತ್ತಾರೆ. ಚುಕುರ್ಪ ಈ ಎರಡನೆಯ ಅರ್ಥಕ್ಕೆ ಹತ್ತಿರ. ಯಾರು ಯಾರನ್ನು ಮದುವೆಯಾಗಬಹುದು, ಯಾವ ನೀರಿನ ಹೊಂಡವನ್ನು ಯಾರು ನೋಡಿಕೊಳ್ಳಬೇಕು, ಯಾವ ಹಾಡನ್ನು ಹಾಡುವ ಹಕ್ಕು ಯಾರದು ಎಂಬುದೆಲ್ಲವೂ ಅದರೊಳಗೇ ಬರುತ್ತದೆ.

ಉಲುರುವಿನ ಬುಡದಲ್ಲಿ ಮುಟಿಜುಲು ಎಂಬ ನೀರಿನ ಮಡುವಿದೆ. ಅಲ್ಲಿನ ಚುಕುರ್ಪ ಕಥೆ ಹೀಗಿದೆ: ಕುನಿಯ ಎಂಬ ಹೆಬ್ಬಾವು-ಹೆಂಗಸಿನ ಸೋದರಳಿಯನನ್ನು ಲಿರು ಎಂಬ ವಿಷಸರ್ಪದ ಕುಲದವರು ಈಟಿಯಿಂದ ಇರಿದರು. ಸಿಟ್ಟಿಗೆದ್ದ ಆಕೆ ತನ್ನ ಅಗೆಯುವ ಕೋಲಿನಿಂದ ಲಿರು ಯೋಧನ ತಲೆಗೆ ಬಡಿದಳು. ಆ ಏಟುಗಳ ಗುರುತು ಇವೇ ಎಂದು ಬಂಡೆಯ ಮೈಮೇಲಿನ ಸೀಳುಗಳನ್ನು ಅಲ್ಲಿನವರು ಇಂದಿಗೂ ಬೆರಳಿಟ್ಟು ತೋರಿಸುತ್ತಾರೆ. ಹೀಗಾಗಿ ಈ ಕಥೆಯನ್ನು ಆ ಜಾಗದಿಂದ ಕಿತ್ತು ಬೇರೆ ಊರಿಗೆ ಒಯ್ಯಲು ಬರುವುದಿಲ್ಲ. ಪ್ರವಾಸಿಗರಿಗೆ ಹೇಳುವುದು ಕಥೆಯ ಮೇಲ್ಪದರವನ್ನು ಮಾತ್ರ. ಒಳಗಿನದರಲ್ಲಿ ಗಂಡಸರಿಗಷ್ಟೇ, ಹೆಂಗಸರಿಗಷ್ಟೇ ತಿಳಿದಿರಬೇಕಾದ ಭಾಗಗಳಿವೆ. ಕೆಲವು ಜಾಗಗಳ ಫೋಟೋ ತೆಗೆಯಬೇಡಿ ಎಂದು ಫಲಕ ಹಾಕಿರುವುದು ಈ ಕಾರಣಕ್ಕಾಗಿ.

ಬಂಡೆಯನ್ನು ಹತ್ತುವ ದಾರಿಯೂ ಅವರ ಪಾಲಿಗೆ ಪೂರ್ವಜರು ನಡೆದ ದಾರಿ. 1985ರ ಅಕ್ಟೋಬರ್ 26ರಂದು ಸರ್ಕಾರವು ಉಲುರುವನ್ನು ಅನಂಗು ಜನರಿಗೆ ಮರಳಿಸಿತಾದರೂ, ಅದೇ ಗಳಿಗೆಯಲ್ಲಿ 99 ವರ್ಷಗಳ ಗುತ್ತಿಗೆಗೆ ಹಿಂದಕ್ಕೆ ಪಡೆಯಿತು. ಹತ್ತಬೇಡಿ ಎಂಬ ಅವರ ಕೋರಿಕೆ ಬಹುಕಾಲ ಕೋರಿಕೆಯಾಗಿಯೇ ಉಳಿದು, ನಿಷೇಧ ಜಾರಿಗೆ ಬಂದದ್ದು 2019ರ ಅದೇ ಅಕ್ಟೋಬರ್ 26ರಂದು. ಅದಕ್ಕೆ ಮುಂಚಿನ ವಾರಗಳಲ್ಲಿ ಕೊನೆಯ ಅವಕಾಶವೆಂದು ಜನ ಇರುವೆಯ ಸಾಲಿನಂತೆ ಹತ್ತಿದರು! ಪರರ ದೇವಸ್ಥಾನದ ಬಾಗಿಲು ಮುಚ್ಚುವ ಮುನ್ನ ಚಪ್ಪಲಿ ಕಾಲಿನಲ್ಲೇ ಒಳಗೆ ಓಡಾಡಿ ಬಂದಂತೆ ನನಗೆ ಅದು ಕಂಡಿತು.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ‘ಧರ್ಮವಿಲ್ಲ’ ಎಂದು ಬರೆಸುವವರು ಹೆಚ್ಚುತ್ತಿದ್ದಾರೆ ಎಂದು ಓದಿದೆ. ಮೂಲನಿವಾಸಿಗಳಲ್ಲೂ ಕ್ರೈಸ್ತರು, ನಾಸ್ತಿಕರು ಇದ್ದಾರಂತೆ. ಹಾಗಿದ್ದರೆ ಅವರ ಹಳೆಯ ನಂಬಿಕೆ ಮುಗಿದಂತೆಯೇ ಅಲ್ಲವೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ನಿಜ. 2016ರ ಜನಗಣತಿಯಲ್ಲಿ ಶೇ 30.1ರಷ್ಟಿದ್ದ ‘ಧರ್ಮವಿಲ್ಲ’ ಎಂಬುವರ ಪಾಲು 2021ರಲ್ಲಿ ಶೇ 38.9ಕ್ಕೆ ಏರಿತು, ಕ್ರೈಸ್ತರ ಪಾಲು ಶೇ 52.1ರಿಂದ ಶೇ 43.9ಕ್ಕೆ ಇಳಿಯಿತು. ಧರ್ಮದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಡ್ಡಾಯ ಅಲ್ಲಿಲ್ಲ. ‘ಧರ್ಮವಿಲ್ಲ’ ಎಂದವರೆಲ್ಲರೂ ನಾಸ್ತಿಕರು ಎಂದು ತಿಳಿಯುವುದೂ ಸರಿಯಲ್ಲ. ದೇವರ ಬಗ್ಗೆ ಖಚಿತವಾಗಿ ಏನೂ ಹೇಳಲಾಗದು ಎನ್ನುವವರು, ಮಾನವತಾವಾದಿಗಳು, ಚರ್ಚಿನ ಸಹವಾಸವಷ್ಟೇ ಸಾಕಾದವರು, ಎಲ್ಲರೂ ಆ ಒಂದೇ ಚೌಕದಲ್ಲಿ ಗುರುತು ಹಾಕುತ್ತಾರೆ.

ಇನ್ನು ಮೂಲನಿವಾಸಿಗಳ ಮಾತು. 2016ರಲ್ಲಿ ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಕ್ರೈಸ್ತರೆಂದು ಬರೆಸಿದ್ದರು, ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ‘ಧರ್ಮವಿಲ್ಲ’ ಎಂದಿದ್ದರು. ಸಾಂಪ್ರದಾಯಿಕ ನಂಬಿಕೆ ಎಂದು ಬರೆಸಿದವರು ಶೇ 2ಕ್ಕಿಂತ ಕಡಿಮೆ. ಈ ಅಂಕಿಯನ್ನಷ್ಟೇ ನೋಡಿದರೆ ನಿಮ್ಮ ತೀರ್ಮಾನವೇ ನಿಲ್ಲುತ್ತದೆ. ಆದರೆ ಈ ಮಣ್ಣಿಗೆ ತಾನು ಸೇರಿದವಳು, ಇದನ್ನು ನೋಡಿಕೊಳ್ಳುವುದು ತನ್ನ ಹೊಣೆ ಎಂದು ನಡೆಯುವ ಹೆಂಗಸಿಗೆ ಅದು ‘ಧರ್ಮ’ದ ಕಾಲಂನಲ್ಲಿ ತುಂಬುವ ಸಂಗತಿ ಎಂದು ತೋರಲೇಬೇಕೆಂದೇನೂ ಇಲ್ಲ. ಅವಳು ಭಾನುವಾರ ಚರ್ಚಿಗೆ ಹೋಗುತ್ತಿರಬಹುದು, ದೇವರನ್ನೇ ನಂಬದೆಯೂ ಇರಬಹುದು.

ಉತ್ತರ ಆಸ್ಟ್ರೇಲಿಯಾದ ಯಿರ್‌ಕಲ ಎಂಬ ಊರಿನ ಉದಾಹರಣೆ ನೋಡಿ. 1962–63ರಲ್ಲಿ ಅಲ್ಲಿ ಹೊಸ ಮೆಥಡಿಸ್ಟ್ ಚರ್ಚು ಏಳುತ್ತಿದ್ದಾಗ, ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನರ ಹಿರಿಯರು ತಮ್ಮ ಸಮಾಜದ ಧುವ, ಯಿರಿಚ ಎಂಬ ಎರಡು ಬಣಗಳ ಪೂರ್ವಜರ ಚಿತ್ರಗಳನ್ನು ಎರಡು ದೊಡ್ಡ ಹಲಗೆಗಳ ಮೇಲೆ ಬರೆದು, ಪೂಜಾವೇದಿಕೆಯ ಎಡಬಲದಲ್ಲಿ ನಿಲ್ಲಿಸಿದರು. ಶಿಲುಬೆಯೂ ಇರಲಿ, ನಮ್ಮ ಕಟ್ಟಳೆಯೂ ಇರಲಿ ಎಂಬ ಎದೆಗಾರಿಕೆ ಅದು. ಎಪ್ಪತ್ತರ ದಶಕದಲ್ಲಿ ಆ ಹಲಗೆಗಳನ್ನು ಚರ್ಚಿನಿಂದ ಹೊರಗೆ ಹಾಕಲಾಯಿತು. ಈಗ ಅವು ಅದೇ ಊರಿನ ಕಲಾಕೇಂದ್ರದಲ್ಲಿ ಜೋಪಾನವಾಗಿವೆ.

ಹಾಗೆಂದು ಎಲ್ಲವೂ ಸುರಕ್ಷಿತವಾಗಿದೆ ಎಂದು ನಾನು ಹೇಳಲಾರೆ. ಮಿಷನ್‌ಗಳಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ, ತಾಯ್ನುಡಿಯಾಡಿದರೆ ಶಿಕ್ಷಿಸಿದ ಕಾಲದಲ್ಲಿ ಎಷ್ಟೋ ಹಾಡುಗಳು ಹಾಡುವವರೊಂದಿಗೇ ಹೋದವು. 2020ರ ಮೇ 24ರಂದು ಗಣಿ ಕಂಪನಿ ರಿಯೋ ಟಿಂಟೊ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ 46,000 ವರ್ಷಗಳ ಹಿಂದೆಯೇ ಮನುಷ್ಯರು ನೆಲೆಸಿದ್ದ ಗುಹೆಯನ್ನು ಕಬ್ಬಿಣದ ಅದಿರಿಗಾಗಿ ಸಿಡಿಸಿತು, ಅದೂ ಆಗಿನ ಕಾನೂನಿನ ಅನುಮತಿ ಪಡೆದೇ. ಆ ನೆಲದ ಜನರ ಪಾಲಿಗೆ ಅದು ಪ್ರಾಚೀನ ವಸ್ತುವಿನ ನಷ್ಟವಷ್ಟೇ ಅಲ್ಲ. ಜಾಗಕ್ಕೆ ಅಂಟಿಕೊಂಡ ಕಟ್ಟಳೆಯಲ್ಲಿ ಜಾಗವೇ ಹೋದ ಮೇಲೆ ಹೊಸದಾಗಿ ಪ್ರತಿಷ್ಠಾಪನೆ ಮಾಡಲು ಬರುವುದಿಲ್ಲ.

ಪ್ರಶ್ನೆ: ನಮ್ಮ ನಾಗಬನ, ಕೊಡಗಿನ ದೇವರಕಾಡು ಇವೂ ಇದೇ ತಾನೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಹೋಲಿಕೆ ಕಾಣುತ್ತದೆ, ಆದರೆ ಅವೆರಡೂ ಒಂದೇ ಅಲ್ಲ. ನಾಗಬನದಲ್ಲಿ ಪವಿತ್ರವಾದದ್ದಕ್ಕೆ ಒಂದು ಎಲ್ಲೆಯಿದೆ. ಬನದಿಂದ ಹೊರಬಿದ್ದರೆ ಗದ್ದೆ, ತೋಟ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಪಾಲಿಗೆ ಇಡೀ ಸೀಮೆಯೇ ಪೂರ್ವಜರ ನಡೆಯಿಂದ ರೂಪುಗೊಂಡದ್ದು, ಹೊರಗೆಂಬುದು ಇಲ್ಲ.

ಪ್ರಶ್ನೆ: ಇಲ್ಲಿನ ನಮ್ಮ ಕನ್ನಡ ಕೂಟದ ಕಾರ್ಯಕ್ರಮದ ಆರಂಭದಲ್ಲಿ ‘ಈ ನೆಲದ ಮೂಲ ಒಡೆಯರಿಗೆ ಗೌರವ’ ಎಂದು ಓದುತ್ತೇವೆ. ಗಣಪತಿ ಶ್ಲೋಕಕ್ಕೆ ಮೊದಲೋ, ಆಮೇಲೋ ಎಂದು ಜಗಳವಾಯಿತು. ತಾವೇನನ್ನುತ್ತೀರಿ?
– ಸದಸ್ಯರೊಬ್ಬರು, ಪ್ಯಾರಾಮಾಟಾ, ಸಿಡ್ನಿ

ಉತ್ತರ: ಆಸ್ಟ್ರೇಲಿಯಾದ ಸಂಸತ್ತೇ ನಿಮಗೆ ದಾರಿ ತೋರಿಸಿದೆ: ಅಲ್ಲಿನ ಕೆಳಮನೆಯಲ್ಲಿ ಮೊದಲು ಈ ಗೌರವ ಸಲ್ಲಿಕೆ, ಅನಂತರ ಕ್ರೈಸ್ತ ಪ್ರಾರ್ಥನೆ. ಇದು ಪೂಜೆಯಲ್ಲವಾದ್ದರಿಂದ ಗಣಪತಿಯ ಅಗ್ರಪೂಜೆಗೆ ಧಕ್ಕೆಯೇನೂ ಬರುವುದಿಲ್ಲ. ಮತ್ತೊಬ್ಬರ ಸೀಮೆಗೆ ಕಾಲಿಡುವ ಮೊದಲು ಅನುಮತಿ ಕೇಳುವ ಹಳೆಯ ರೂಢಿಯ ಹೊಸ ರೂಪವಿದು. ಗೌರವ ಸಲ್ಲಿಸುವ ಮಾತನ್ನು ಯಾರು ಬೇಕಾದರೂ ಆಡಬಹುದು. ‘ನಮ್ಮ ನೆಲಕ್ಕೆ ಸ್ವಾಗತ’ ಎನ್ನುವ ಹಕ್ಕು ಮಾತ್ರ ಆ ನೆಲದ ಹಿರಿಯರಿಗೇ ಸೇರಿದ್ದು, ಅವರನ್ನು ಕರೆಸಿದಾಗ ಗೌರವಧನ ಕೊಡುವುದೂ ವಾಡಿಕೆ. ಇನ್ನೊಂದು ಮಾತು. ಸಿಡ್ನಿ ನಗರದ ನಡುಭಾಗ ಗಡಿಗಲ್ ಜನರದು, ನಿಮ್ಮ ಪ್ಯಾರಾಮಾಟಾ ದರುಗ್ ಜನರದು. ಯಾವುದೋ ಕಾರ್ಯಕ್ರಮದ ಚೀಟಿಯನ್ನು ನಕಲು ಮಾಡಿ ಓದುವ ಬದಲು, ನಿಮ್ಮ ಸಭಾಂಗಣ ಇರುವ ಜಾಗ ಯಾರದೆಂದು ನಗರಸಭೆಯಲ್ಲಿ ವಿಚಾರಿಸಿ, ಆ ಹೆಸರನ್ನು ಉಚ್ಚರಿಸುವುದನ್ನು ಕಲಿತುಕೊಂಡು ಓದಿ.